ದಿಬ್ಬಕ್ಕೆ ಎರಡನೇ ಸಲ

ಅರವತ್ತು ದಾಟಿದ, ಹೊಟ್ಟೆ ಮುಂದೆ ಬಂದ, ಮಂಡಿ ಸವೆದ ಗಂಡಸಿಗೆ ಇಪ್ಪತ್ತೈದರ ಹುಡುಗರ ಬಿಗಿ ಷರಾಯಿ ತೊಡಿಸಿ, ಬೆನ್ನ ಮೇಲೆ ನಂಬರು ಬರೆದು ಸಾವಿರಾರು ಜನರ ಮುಂದೆ ನಿಲ್ಲಿಸುವ ಆಟ ಲೋಕದಲ್ಲಿ ಒಂದೇ ಇರುವುದು. ಫುಟ್‌ಬಾಲಿನ ಕೋಚ್ ಬೆಚ್ಚಗೆ ಜಾಕೆಟ್ ಹಾಕಿಕೊಂಡು ನಿಲ್ಲುತ್ತಾನೆ. ಬ್ಯಾಸ್ಕೆಟ್‌ಬಾಲಿನವನು ಟೈ ಕಟ್ಟಿಕೊಂಡು ಕೂಗಾಡುತ್ತಾನೆ. ಬೇಸ್‌ಬಾಲ್ ಮ್ಯಾನೇಜರ್ ಮಾತ್ರ ಆಡದಿದ್ದರೂ ಆಟಗಾರನ ವೇಷ ಹಾಕಬೇಕು. ವರ್ನ್ ಪ್ರೊಕಾಪ್ ಅಕ್ಟೋಬರಿನ ಆ ಬೆಳಗ್ಗೆ ಕನ್ನಡಿಯ ಮುಂದೆ ನಿಂತು ಷರಾಯಿಯ ಗುಂಡಿ ಹಾಕಲು ಉಸಿರು ಒಳಗೆಳೆದುಕೊಂಡ. ವೇಷ ಅನ್ನುವ ಮಾತು ಅವನ ತಲೆಗೆ ಬಂದದ್ದು ಆಗಲೇ. ಬಂದದ್ದು ಸಂಜೆಯವರೆಗೂ ಹೋಗಲಿಲ್ಲ.

ಒಂದು ಕಾಲದಲ್ಲಿ ಆ ವೇಷಕ್ಕೆ ಅರ್ಥವಿತ್ತು. ವರ್ನ್ ಹುಡುಗನಾಗಿ ಆಡುತ್ತಿದ್ದಾಗ ಮ್ಯಾನೇಜರ್ ಅಂದರೆ ದೊರೆ. ಯಾರು ಆಡಬೇಕು, ಯಾರು ಬೆಂಚು ಕಾಯಬೇಕು, ಚೆಂಡು ಎಸೆಯುವ ಪಿಚರ್ ಯಾವಾಗ ಇಳಿಯಬೇಕು, ಎಲ್ಲ ಅವನ ಮಾತೇ. ಮೇಲಿನ ಆಫೀಸಿನವರು ಆಟಗಾರರನ್ನು ಕೊಂಡು ತರುತ್ತಿದ್ದರು, ಟಿಕೆಟ್ ಮಾರುತ್ತಿದ್ದರು, ತಂಡದವರು ಕೂರುವ ಡಗೌಟಿನ ಮೆಟ್ಟಿಲಿಗೆ ಕಾಲಿಡಲು ಹೆದರುತ್ತಿದ್ದರು. ಈಗ ಬಫಲೋ ಕೆನಾಲರ್ಸ್ ತಂಡದ ಕ್ರೀಡಾಂಗಣದಲ್ಲಿ ಮೂರನೇ ಮಹಡಿಗೆ ಉದ್ದಕ್ಕೂ ಗಾಜು. ಗಾಜಿನ ಹಿಂದೆ ಸಾಲು ಸಾಲು ಕಂಪ್ಯೂಟರು, ಅವುಗಳ ಮುಂದೆ ಚೆಂಡನ್ನು ಕೈಯಲ್ಲಿ ಹಿಡಿದು ನೋಡದ ಜಾಣರು. ಆಟಗಾರರು ಅವರನ್ನು 'ಮಹಡಿಯವರು' ಅನ್ನುತ್ತಿದ್ದರು. ಇವತ್ತು ಯಾರು ಆಡಬೇಕು, ಎಷ್ಟು ಹೊತ್ತು ಆಡಬೇಕು ಅನ್ನುವುದು ಬೆಳಗ್ಗೆ ಮಹಡಿಯಿಂದ ಇಳಿದು ಬರುತ್ತಿತ್ತು. ವರ್ನ್ ಅದನ್ನು ತನ್ನ ಕೈಬರಹದಲ್ಲಿ ಕಾರ್ಡಿನ ಮೇಲೆ ಬರೆದು ಅಂಪೈರ್ ಕೈಗೆ ಕೊಡುತ್ತಿದ್ದ. ಬರೆಯುವ ಕೆಲಸ ಮಾತ್ರ ಅವನದು. ಅಕ್ಷರ ಮೊದಲಿನಿಂದಲೂ ದುಂಡಗಿತ್ತು.

ಆ ದಿನ ಇಳಿದು ಬಂದವನು ಖುದ್ದು ಪ್ರೆಸ್ಟನ್ ವೈಕಾಫ್, ಮಹಡಿಯ ಮುಖ್ಯಸ್ಥ. ಮೂವತ್ನಾಲ್ಕರ ವಯಸ್ಸು, ತೋಳಿಲ್ಲದ ಉಣ್ಣೆಯ ಕೋಟು, ಬೈದರೂ ಮಾಸದ ನಗು. ಸರಣಿಯ ಕೊನೆಯ ಪಂದ್ಯ, ಸೋತವರು ಮನೆಗೆ ಹೋಗಬೇಕು. ಎದುರಾಳಿ ಪೋರ್ಟ್‌ಲ್ಯಾಂಡ್. ಪಂದ್ಯ ಮಧ್ಯಾಹ್ನ ಒಂದಕ್ಕೆ.

"ಚೆನ್ನಾಗಿ ನಿದ್ದೆ ಬಂತಾ ವರ್ನ್?"

"ನಿದ್ದೆ ಒಂದು ಇನ್ನೂ ನನ್ನ ಇಷ್ಟಕ್ಕೆ ಬಿಟ್ಟಿದೀರಲ್ಲ, ಬಂತು."

ಪ್ರೆಸ್ಟನ್ ನಕ್ಕ. "ನಮ್ಮ ಪಿಚರ್ ಟ್ರೂಯಿಟ್ ಪೋರ್ಟ್‌ಲ್ಯಾಂಡಿನ ಬ್ಯಾಟರ್‌ಗಳ ಸಾಲನ್ನ ಎರಡು ಸುತ್ತು ನೋಡ್ಕೋತಾನೆ. ಮೂರನೇ ಸುತ್ತಿಗೆ ಅವರ ಮೊದಲನೇ ಬ್ಯಾಟರ್ ಕಾಲ್ಡರ್ ಬ್ಯಾಟು ಹಿಡ್ಕೊಂಡು ಬಂದ ತಕ್ಷಣ ಇಳಿಸಿಬಿಡಿ. ಒಬ್ಬನೇ ಪಿಚರನ್ನ ಮೂರನೇ ಸಲ ನೋಡಿದವನು ಹೊಡೀತಾನೆ. ಲೆಕ್ಕ ಹಾಗೆ ಹೇಳುತ್ತೆ."

"ಹುಡುಗ ಚೆನ್ನಾಗಿ ಹಾಕ್ತಾ ಇದ್ರೆ?"

"ಚೆನ್ನಾಗಿ ಹಾಕ್ತಾ ಇರೋವಾಗ್ಲೇ ಇಳಿಸ್ಬೇಕು. ಕೆಟ್ಟ ಮೇಲೆ ಇಳಿಸೋದು ಯಾರಿಗೆ ಬರಲ್ಲ ಹೇಳಿ?"

"ಆಮೇಲೆ ಪ್ರೆಸ್ಸಿನವರು ನನ್ನ ಕೇಳ್ತಾರೆ."

"ಕೇಳ್ಲಿ ಬಿಡಿ. ಮೈದಾನದಲ್ಲಿ ತೀರ್ಮಾನ ಯಾವತ್ತಿದ್ರೂ ನಿಮ್ಮದೇ ಅಲ್ವಾ?"

ಈ ಮಾತನ್ನು ಅವನು ಪ್ರತಿ ಸಲವೂ ಹೇಳುತ್ತಿದ್ದ, ಮುಖದಲ್ಲಿ ಒಂದು ಗೆರೆಯೂ ಅಲುಗದ ಹಾಗೆ. ವರ್ನ್‌ಗೆ ಬೇಸರವಾಗುತ್ತಿದ್ದದ್ದು ಇಲ್ಲೇ. ಲೆಕ್ಕದ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಲೆಕ್ಕ ಬಹಳ ಸಲ ಸರಿಯೇ ಇರುತ್ತಿತ್ತು, ಅಷ್ಟು ಒಪ್ಪಿಕೊಳ್ಳುವ ನಿಯತ್ತು ಅವನಲ್ಲಿ ಉಳಿದಿತ್ತು. ಅವನಿಗೆ ಅಸಹ್ಯವಾಗುತ್ತಿದ್ದದ್ದು ಆ ನಾಟಕ. ಮಾಡುವವರು ಅವರು, ಮಾಡಿದೆ ಅನ್ನಬೇಕಾದವನು ಇವನು. ಗೆದ್ದರೆ ಮಹಡಿಯ ಜಾಣತನ ಎಂದು ಪತ್ರಿಕೆಗಳು ಬರೆಯುತ್ತಿದ್ದವು. ಸೋತರೆ ಮೈಕಿನ ಮುಂದೆ ಕೂತು "ನನ್ನ ತೀರ್ಮಾನ, ತಪ್ಪಾಯಿತು" ಅನ್ನುವುದಕ್ಕೆ ಇವನ ಮುಖ ಇತ್ತು. ಐದು ವರ್ಷದಿಂದ ಆ ಮಾತು ಹೇಳಿ ಹೇಳಿ ಅವನ ನಾಲಿಗೆಗೆ ಜಡ್ಡು ಕಟ್ಟಿತ್ತು.

ಡೇರಿಯಸ್ ಟ್ರೂಯಿಟ್‌ಗೂ ಅವನು ವರ್ಷವಿಡೀ ಹೇಳಿದ್ದು ಅದನ್ನೇ. ಟ್ರೂಯಿಟ್ ಅಲಬಾಮಾದ ಕಡೆಯವನು, ಇಪ್ಪತ್ತಮೂರರ ಪಿಚರ್, ಮಾತು ಕಮ್ಮಿ. ಆಟ ಚೆನ್ನಾಗಿ ಕುದುರಿದೆ ಅನ್ನುವಾಗಲೇ ಅವನನ್ನು ಇಳಿಸುತ್ತಿದ್ದರು. ಪ್ರತಿ ಸಲವೂ ವರ್ನ್ ನಿಧಾನಕ್ಕೆ ಮೈದಾನದ ನಡುವೆ ಪಿಚರ್ ನಿಂತು ಎಸೆಯುವ ದಿಬ್ಬದವರೆಗೂ ನಡೆದು ಹೋಗಿ ಕೈ ಚಾಚುತ್ತಿದ್ದ. ಇಳಿಯುವ ಪಿಚರ್ ಚೆಂಡನ್ನು ಮ್ಯಾನೇಜರನ ಅಂಗೈಯಲ್ಲೇ ಇಡಬೇಕು. ಎಸೆಯುವ ಹಾಗಿಲ್ಲ, ನೆಲಕ್ಕೆ ಬಿಡುವ ಹಾಗಿಲ್ಲ, ಅದು ಆಟದಷ್ಟೇ ಹಳೆಯ ಮರ್ಯಾದೆ. ಟ್ರೂಯಿಟ್ ಇಡುತ್ತಿದ್ದ, ಏನೂ ಅನ್ನುತ್ತಿರಲಿಲ್ಲ.

ಅವತ್ತು ಬೆಳಗ್ಗೆ ತಿಂಡಿಯ ಮೇಜಿನ ಹತ್ತಿರ ಮಾತ್ರ ಅವನು ಮೊಟ್ಟೆಯ ತಟ್ಟೆ ಹಿಡಿದುಕೊಂಡು ಬಂದು ನಿಂತ.

"ಸ್ಕಿಪ್, ಒಂದು ಕೇಳ್ಲಾ?" ಮ್ಯಾನೇಜರನ್ನು ಹುಡುಗರೆಲ್ಲ ಕರೆಯುತ್ತಿದ್ದದ್ದು ಹಾಗೆ.

"ಕೇಳಪ್ಪ."

"ಇವತ್ತು ನನ್ನ ಆಡೋಕೆ ಬಿಡ್ತೀರಾ? ಸುಸ್ತಾದ್ರೆ ನಾನೇ ಹೇಳ್ತೀನಿ. ಸುಳ್ಳು ಹೇಳಲ್ಲ. ಸುಸ್ತಾಗೋದು ಹೇಗಿರುತ್ತೆ ಅಂತ ಈ ವರ್ಷ ಒಂದು ಸಲನೂ ನೋಡಿಲ್ಲ ನಾನು."

ವರ್ನ್ ಕಾಫಿ ಲೋಟ ಕೆಳಗಿಟ್ಟ. ಇಲ್ಲ ಅನ್ನುವುದು ಸುಲಭವಿತ್ತು. "ನೋಡೋಣ" ಅನ್ನುವುದು ಇನ್ನೂ ಸುಲಭ, ಮ್ಯಾನೇಜರುಗಳೆಲ್ಲ ಅದನ್ನು ಹೇಳಿಯೇ ಬದುಕಿದವರು. ಆದರೆ ಹುಡುಗ ಬೇಡುತ್ತಿರಲಿಲ್ಲ, ನೆಟ್ಟಗೆ ಕೇಳುತ್ತಿದ್ದ. ಅಷ್ಟು ನೆಟ್ಟಗೆ ಯಾರಾದರೂ ಇವನನ್ನು ಕೇಳಿ ಎಷ್ಟೋ ಕಾಲವಾಗಿತ್ತು.

"ಬಿಡ್ತೀನಿ," ಅಂದ ವರ್ನ್. "ನನ್ನ ಮಾತು."

ಇದನ್ನು ಅವನ ಸಹಾಯಕ ಚೆಯೋ ಮಾಲ್ಡೊನಾಡೊ ಪಕ್ಕದಲ್ಲೇ ಕೂತು ಕೇಳಿಸಿಕೊಂಡ. ಪೋರ್ಟೊರಿಕೋದ ಚೆಯೋ ಹಳೆಯ ದೋಸ್ತ್, ಇಬ್ಬರೂ ಸಣ್ಣ ಊರುಗಳ ತಂಡಗಳಲ್ಲಿ ಒಂದೇ ಬಸ್ಸಿನಲ್ಲಿ ಬೆನ್ನು ಮುರಿದುಕೊಂಡವರು. ಹುಡುಗ ಅತ್ತ ಹೋಗುವುದನ್ನೇ ಕಾದು ಅವನು ತಲೆ ಕೆರೆದುಕೊಂಡ.

"ಗುರೂ, ಕೊಡೋಕೆ ನಿನ್ನ ಹತ್ರ ಮಾತು ಅಂತ ಎಲ್ಲಿ ಉಳಿದಿದೆಯೋ?"

"ಒಂದು ಉಳಿದಿತ್ತು. ಕೊಟ್ಟೆ."

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನಾವಿಬ್ರು ಬಂದ ಮೊದಲನೇ ವರ್ಷ ಎಲ್ರ ಕೈಲೂ ಒದೆ ತಿಂದ್ವಿ. ಈ ಮಹಡಿಯ ಕನ್ನಡಕದವರು ಬಂದ್ಮೇಲೆ ಗೆಲ್ತಾ ಇದೀವಿ. ಅವರ ಲೆಕ್ಕ ಸರಿಯಾಗೇ ಇರುತ್ತೆ ಕಣೋ."

"ಸರಿ ಇರ್ಲಿ. ಹಾಗಾದ್ರೆ ಅವರೇ ಬಂದು ಹುಡುಗನ ಕೈಯಿಂದ ಚೆಂಡು ಈಸ್ಕೊಳ್ಲಿ. ನನ್ನ ಕೈ ಯಾಕೆ ಬೇಕು ಅವರಿಗೆ?"

ಚೆಯೋ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದ.

ಮಧ್ಯಾಹ್ನ ಈರೀ ಸರೋವರದ ಕಡೆಯಿಂದ ಗಾಳಿ ಎದ್ದಿತ್ತು. ಧ್ವಜಗಳೆಲ್ಲ ಮೈದಾನದ ಒಳಮುಖವಾಗಿ ಪಟಪಟ ಬಡಿದುಕೊಳ್ಳುತ್ತಿದ್ದವು. ಟ್ರೂಯಿಟ್ ಅವತ್ತು ಎಸೆದದ್ದನ್ನು ನೋಡಿದವರು ಪುಣ್ಯವಂತರು. ಪೋರ್ಟ್‌ಲ್ಯಾಂಡಿನ ಬ್ಯಾಟರುಗಳು ಬರುತ್ತಿದ್ದರು, ಗಾಳಿಗೆ ಬ್ಯಾಟು ಬೀಸುತ್ತಿದ್ದರು, ಗೊಣಗಿಕೊಂಡು ಹೋಗುತ್ತಿದ್ದರು. ಮೊದಲ ಸುತ್ತು ಹಾಗೇ ಕಳೆಯಿತು, ಎರಡನೆಯದೂ ಕಳೆಯಿತು. ಬಫಲೋ ಎರಡು ರನ್ ಮುಂದಿತ್ತು. ಆರನೇ ಇನಿಂಗ್ಸಿನಲ್ಲಿ ಒಬ್ಬ ಔಟಾದ ಮೇಲೆ, ಸಾಲಿನ ಕೊನೆಯ ಬ್ಯಾಟರ್ ಹೊಡೆದದ್ದು ಬ್ಯಾಟಿನ ತುದಿಗೆ ತಾಗಿ ಪುಸಕ್ಕನೆ ಉರುಳಿ, ಅವನು ಹೇಗೋ ಮೊದಲ ಬೇಸ್ ಮುಟ್ಟಿದ. ಸುತ್ತು ಮುಗಿಯಿತು. ಕಾಲ್ಡರ್ ಮೂರನೇ ಸಲ ಬ್ಯಾಟು ಹೆಗಲಿಗಿಟ್ಟುಕೊಂಡು ಬರತೊಡಗಿದ.

ಡಗೌಟಿನಲ್ಲಿ ಎಲ್ಲರೂ ಬೇರೆ ಎಲ್ಲೋ ನೋಡುವ ಹಾಗೆ ನಟಿಸುತ್ತ ವರ್ನ್ ಕಡೆಗೇ ನೋಡಿದರು. ಎಲ್ಲರಿಗಿಂತ ಚೆನ್ನಾಗಿ ನೋಡುತ್ತಿದ್ದವನು ಬ್ರೆಟ್ ಹ್ಯಾನ್ಲನ್, ಪಿಚರುಗಳ ಕೋಚ್. ಅವನೂ ಸಮವಸ್ತ್ರದಲ್ಲೇ ಇದ್ದ, ಅವನ ಬೆನ್ನಿಗೂ ನಂಬರಿತ್ತು. ಆದರೆ ಅವನು ಮಹಡಿಯ ಹುಡುಗ. ಪ್ರೆಸ್ಟನ್ ಎರಡು ವರ್ಷದ ಹಿಂದೆ ಯಾವುದೋ ಪ್ರಯೋಗಾಲಯದಿಂದ ತಂದು ವರ್ನ್ ಪಕ್ಕದಲ್ಲಿ ಕೂರಿಸಿದ್ದ. ಪಂದ್ಯ ನಡೆಯುವಾಗ ಮಹಡಿಯಿಂದ ಡಗೌಟಿಗೆ ಫೋನ್ ಮಾಡುವ ಹಾಗಿಲ್ಲ. ಅದಕ್ಕೇ ಇವನನ್ನು ಇಟ್ಟಿದ್ದರು.

"ಕಾಲ್ಡರ್ ಬಂದ," ಅಂದ ಬ್ರೆಟ್.

"ಕಣ್ಣಿದೆ ನನಗೆ."

ವರ್ನ್ ಮೆಟ್ಟಿಲು ಹತ್ತಿ ನಡೆಯತೊಡಗಿದ. ಮೂವತ್ತು ಸಾವಿರ ಜನ ಒಂದೇ ಗಂಟಲಿನಲ್ಲಿ ಊಳಿಟ್ಟರು. ಬಫಲೋದ ಜನಕ್ಕೆ ಹಂಗು ದಾಕ್ಷಿಣ್ಯ ಇಲ್ಲ. "ಹುಡುಗನ್ನ ಬಿಡೋ ಮುದುಕಾ" ಎಂದು ಮೂರನೇ ಬೇಸ್ ಹಿಂದಿನ ಸಾಲಿನಿಂದ ಒಬ್ಬ ಕೂಗಿದ್ದು ಎಲ್ಲದರ ಮೇಲೆ ಕೇಳಿಸಿತು.

ದಿಬ್ಬ ಹತ್ತಿದಾಗ ಟ್ರೂಯಿಟ್ ಚೆಂಡು ಹಿಡಿದ ಕೈಯನ್ನು ಆಗಲೇ ಮುಂದೆ ಚಾಚಿ ನಿಂತಿದ್ದ. ಮುಖ ಸ್ಕೋರ್‌ಬೋರ್ಡಿನ ಕಡೆಗೆ. ಬೆಳಗ್ಗೆ ಕೊಟ್ಟ ಮಾತನ್ನು ಅವನು ನಂಬಿಯೇ ಇರಲಿಲ್ಲ. ವರ್ನ್ ಬಂದದ್ದು ಧೈರ್ಯ ಹೇಳಿ ಹೋಗುವುದಕ್ಕೆ.

"ತಗೊಳ್ಳಿ ಸ್ಕಿಪ್. ಪರವಾಗಿಲ್ಲ. ಮೇಲಿಂದ ಹೇಳಿರ್ತಾರೆ."

"ಯಾರು ಹೇಳಿದ್ದು ನಿನಗೆ, ಮೇಲಿಂದ ಹೇಳ್ತಾರೆ ಅಂತ?"

ಟ್ರೂಯಿಟ್ ಕೈಗವಸು ಬಾಯಿಗೆ ಅಡ್ಡ ಹಿಡಿದು, ಕ್ಯಾಮೆರಾಗಳಿಗೆ ತುಟಿ ಕಾಣದ ಹಾಗೆ, ಮೆಲ್ಲಗೆ ಅಂದ. "ಎಲ್ರಿಗೂ ಗೊತ್ತು ಸ್ಕಿಪ್. ನಿಮಗೆ ಬೇಜಾರಾಗುತ್ತೆ ಅಂತ ಯಾರೂ ಆಡ್ಕೊಳಲ್ಲ ಅಷ್ಟೆ."

ಐದು ವರ್ಷ "ನನ್ನ ತೀರ್ಮಾನ" ಎಂದು ಹೇಳಿಕೊಂಡು ತಿರುಗಿದ್ದನಲ್ಲ, ಆ ಐದು ವರ್ಷವೂ ಹುಡುಗರು ಅವನನ್ನು ಕಂಡು ಅಯ್ಯೋ ಪಾಪ ಎಂದುಕೊಂಡಿದ್ದರು. ಲಾಕರ್ ಕೋಣೆಯಲ್ಲಿ ಇವನು ಒಳಗೆ ಬಂದಾಗ ಮಾತು ನಿಲ್ಲುತ್ತಿದ್ದದ್ದು ಭಯಕ್ಕೆ ಎಂದು ತಿಳಿದಿದ್ದ. ಕನಿಕರಕ್ಕೆ. ವರ್ನ್ ಮೈಯೆಲ್ಲ ಬಿಸಿಯಾಯಿತು. ಚಾಚಿದ ಹುಡುಗನ ಕೈಯನ್ನು ಅವನದೇ ಎದೆಗೆ ಒತ್ತಿದ.

"ಇಟ್ಕೋ ಇದನ್ನ. ಈ ಇನಿಂಗ್ಸು ನಿಂದು, ಮುಂದಿಂದೂ ನಿಂದೇ. ನೀನು ಕರೆಯೋವರೆಗೂ ಈ ದಿಬ್ಬಕ್ಕೆ ಯಾರೂ ಬರಲ್ಲ. ತಿಳೀತಾ?"

ಟ್ರೂಯಿಟ್ ಮೊದಲ ಸಲ ಅವನ ಮುಖ ನೋಡಿದ. "ನಿಜವಾಗ್ಲೂನಾ?"

"ಕಾಲ್ಡರ್ ಕಾಯ್ತಿದಾನೆ. ಹಾಕು."

ವರ್ನ್ ಒಬ್ಬನೇ, ಬರಿಗೈಯಲ್ಲಿ ವಾಪಸು ನಡೆದದ್ದು ಕಂಡು ಕ್ರೀಡಾಂಗಣ ಹುಚ್ಚೆದ್ದು ಕೂಗಿತು. ಬಿಳಿ ಗೆರೆ ದಾಟುವಾಗ ಅವನ ಮಂಡಿನೋವು ಎಲ್ಲೋ ಹೋಗಿತ್ತು. ಸಂತೋಷವಾಗಿತ್ತು ಅಂತಲೇ ಹೇಳಬೇಕು, ಹುಚ್ಚು ಸಂತೋಷ. ಚೆಯೋ ಬೆಂಚಿನ ಮೇಲೆ ಸರಿದು ಜಾಗ ಕೊಟ್ಟ. ಟ್ರೂಯಿಟ್ ಕಾಲ್ಡರ್‌ಗೆ ಎಸೆದ ಕೊನೆಯ ಚೆಂಡು ಅವನ ಮಂಡಿಯ ಹತ್ತಿರ ಬಂದು ಕಳಚಿಕೊಂಡಂತೆ ಕೆಳಗಿಳಿಯಿತು, ಕಾಲ್ಡರ್ ಬೀಸಿದ ರಭಸಕ್ಕೆ ತಾನೇ ಒಂದು ಸುತ್ತು ತಿರುಗಿ ಕೂತ. ಎರಡು ಔಟ್. ಇನ್ನೊಂದು ಆದರೆ ಇನಿಂಗ್ಸ್ ಮುಗಿಯಿತು.

ಮುಂದಿನ ಬ್ಯಾಟರ್ ಬ್ರಾನಿಗನ್, ಎಡಗೈಯವನು, ಪೋರ್ಟ್‌ಲ್ಯಾಂಡಿನ ಭೀಮ. ಅವನು ಕೈಗೆ ಧೂಳು ಉಜ್ಜಿಕೊಳ್ಳುತ್ತಿದ್ದಾಗ ವರ್ನ್‌ನ ಎಡಗಡೆಯಿಂದ ಯಾರೋ ಎದ್ದು ಮೆಟ್ಟಿಲು ಹತ್ತಿದರು.

ಬ್ರೆಟ್.

ಒಂದು ಕ್ಷಣ ವರ್ನ್‌ಗೆ ಅರ್ಥವಾಗಲಿಲ್ಲ. ಬೆನ್ನು ನೋವಿಗೆ ಎದ್ದನೇನೋ ಅಂದುಕೊಂಡ. ಬ್ರೆಟ್ ಹುಲ್ಲಿನ ಮೇಲೆ ನಡೆಯತೊಡಗಿದಾಗ ಅರ್ಥವಾಯಿತು. ಬೇಸ್‌ಬಾಲಿನಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತಿರುವ ನಿಯಮ ಅದು. ಒಂದೇ ಇನಿಂಗ್ಸಿನಲ್ಲಿ ಮ್ಯಾನೇಜರೋ ಕೋಚೋ ಎರಡನೇ ಸಲ ದಿಬ್ಬಕ್ಕೆ ಹೋದರೆ ಆ ಪಿಚರ್ ಇಳಿಯಲೇಬೇಕು. ಯಾರು ಹೋದರು, ಯಾಕೆ ಹೋದರು, ಏನು ಮಾತಾಡಿದರು, ಯಾವುದೂ ಲೆಕ್ಕಕ್ಕಿಲ್ಲ. ಬಿಳಿ ಗೆರೆ ದಾಟಿ ನಡೆದು ಹೋದರೆ ಸಾಕು.

"ಬ್ರೆಟ್," ಎಂದ ವರ್ನ್. "ಏಯ್. ಬ್ರೆಟ್. ಹಿಂದೆ ಬಾ."

ಬ್ರೆಟ್‌ಗೆ ಕೇಳಿಸಿತು. ಅವನ ಕಿವಿ ಕೆಂಪಾದದ್ದು ಬೆಂಚಿನಿಂದಲೇ ಕಂಡಿತು. ಆದರೂ ಅವನು ನಿಲ್ಲದೆ, ತಲೆ ತಗ್ಗಿಸಿಕೊಂಡು ಬಿಳಿ ಗೆರೆ ದಾಟಿದ.

ಅಂಪೈರ್ ಮುಖಕವಚ ತಲೆಯ ಮೇಲಕ್ಕೆ ಸರಿಸಿ ದಿಬ್ಬದ ಹತ್ತಿರ ಬಂದ. ನಲವತ್ತು ಸಲ ವರ್ನ್ ಜೊತೆ ಜಗಳವಾಡಿದ ಹಳೆಯ ಅಂಪೈರ್, ಅವನ ದನಿಯಲ್ಲಿ ನಿಜವಾದ ಆಶ್ಚರ್ಯವಿತ್ತು. "ಇದು ಎರಡನೇ ಸಲ ಕಣಪ್ಪ, ಗೊತ್ತಿದೆ ತಾನೆ? ಹುಡುಗ ಇಳೀಬೇಕು."

"ಗೊತ್ತು," ಅಂದ ಬ್ರೆಟ್. ಟ್ರೂಯಿಟ್ ಕಡೆಗೆ ಕೈ ಚಾಚಿದ.

ಟ್ರೂಯಿಟ್ ಕೊಡಲಿಲ್ಲ. ಚೆಂಡನ್ನು ಕೈಗವಸಿನೊಳಗೆ ಹಾಕಿಕೊಂಡು, ಕೈಗವಸನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಬಫಲೋದ ಡಗೌಟಿನ ಕಡೆಗೇ ನೋಡುತ್ತ ನಿಂತ. ಬ್ರೆಟ್ ಏನೋ ಹೇಳಿದ. ಹುಡುಗ ಅಲುಗಲಿಲ್ಲ.

"ಹೋಗು," ಅಂದ ಚೆಯೋ. "ನೀನು ಹೋಗೋವರೆಗೂ ಅವನು ಕೊಡಲ್ಲ."

ವರ್ನ್ ಎದ್ದ. ಆ ನಡಿಗೆಯ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ. ಅಂತಹ ನಡಿಗೆ ಯಾರಿಗೂ ಬರಬಾರದು. ದಿಬ್ಬದ ಮೇಲೆ ಅವನು "ನಾನು ಕಳಿಸಲಿಲ್ಲ" ಎಂದು ಹೇಳಬೇಕೆಂದು ಬಾಯಿ ತೆರೆದ. ಅಂಪೈರ್ ಅಲ್ಲೇ ಇದ್ದ, ಕ್ಯಾಚರ್ ಇದ್ದ, ಬ್ರೆಟ್ ಇದ್ದ. ತನ್ನ ಕೈಕೆಳಗಿನ ಕೋಚ್ ತನ್ನ ಮಾತು ಮೀರಿ ನಡೆದು ಬಂದ ಎಂದು ಅಷ್ಟು ಜನರ ಮುಂದೆ ಹೇಳುವುದಕ್ಕೆ ಅವನ ಮಾನ ಒಪ್ಪಲಿಲ್ಲ. ಬಾಯಿ ಮುಚ್ಚಿಕೊಂಡು ಕೈ ಚಾಚಿದ. ಟ್ರೂಯಿಟ್ ಚೆಂಡನ್ನು ಅಂಗೈಯಲ್ಲಿಟ್ಟ, ಮರ್ಯಾದೆಯಿಂದಲೇ ಇಟ್ಟ, ಮತ್ತು ಹೋದ.

ಬದಲಿಗೆ ಬಂದವನು ಸ್ಟಾಡಿಕ್ ಎಂಬ ಎಡಗೈ ಪಿಚರ್. ಎಡಗೈ ಬ್ಯಾಟರ್‌ಗೆ ಎಡಗೈ ಪಿಚರ್, ಅದೂ ಮಹಡಿಯ ಲೆಕ್ಕವೇ. ಅವನ ಎರಡನೇ ಎಸೆತವನ್ನು ಬ್ರಾನಿಗನ್ ಹೇಗೆ ಹೊಡೆದನೆಂದರೆ ಸದ್ದು ಕೇಳಿಯೇ ಜನ ತಲೆ ಮೇಲೆ ಕೈ ಹೊತ್ತರು. ಚೆಂಡು ಏರಿತು, ಇನ್ನೂ ಏರಿತು, ಬೇಲಿ ದಾಟಿ ಹೋಗಿಯೇ ಬಿಟ್ಟಿತು ಅನ್ನುವಾಗ ಸರೋವರದ ಗಾಳಿ ಅದನ್ನು ಹಿಡಿದು ಹಿಂದಕ್ಕೆ ನೂಕಿತು. ಬೇಲಿಗೆ ಬೆನ್ನು ಒತ್ತಿ ನಿಂತ ಬಫಲೋ ಆಟಗಾರನ ಕೈಗವಸಿನೊಳಕ್ಕೆ ಅದು ಸುಮ್ಮನೆ ಬಂದು ಬಿತ್ತು. ಇನಿಂಗ್ಸ್ ಮುಗಿಯಿತು. ಅಲ್ಲಿಂದ ಪೋರ್ಟ್‌ಲ್ಯಾಂಡ್ ತಲೆ ಎತ್ತಲಿಲ್ಲ, ಬಫಲೋ ಎರಡು-ಸೊನ್ನೆಯಿಂದ ಗೆದ್ದಿತು. ವರ್ನ್ ಗೆಲ್ಲಿಸಲಿಲ್ಲ, ಮಹಡಿಯೂ ಗೆಲ್ಲಿಸಲಿಲ್ಲ. ಗಾಳಿ ಗೆಲ್ಲಿಸಿತು, ಆದರೆ ಗಾಳಿಯನ್ನು ಯಾರು ಮೈಕಿನ ಮುಂದೆ ಕೂರಿಸುತ್ತಾರೆ?

ಲಾಕರ್ ಕೋಣೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು. ಹುಡುಗರು ಕಣ್ಣಿಗೆ ಈಜುವ ಕನ್ನಡಕ ಹಾಕಿಕೊಂಡು ಒಬ್ಬರ ಮೇಲೊಬ್ಬರು ಷಾಂಪೇನ್ ಸುರಿಯುತ್ತಿದ್ದರು. ವರ್ನ್ ತಲೆಯ ಮೇಲೂ ಯಾರೋ ಸುರಿದರು, ಅದು ಕತ್ತಿನ ಹಿಂದಿನಿಂದ ಷರಾಯಿಯೊಳಕ್ಕೆ ಇಳಿದು ಅಂಟಿಕೊಂಡಿತು. ಪತ್ರಿಕಾಗೋಷ್ಠಿಗೆ ಹೋಗುವ ಓಣಿಯಲ್ಲಿ ಪ್ರೆಸ್ಟನ್ ಅವನನ್ನು ತಬ್ಬಿಕೊಂಡ.

"ಬ್ರೆಟ್‌ಗೆ ಯಾರು ಹೇಳಿದ್ದು?" ಅಂದ ವರ್ನ್.

"ನಾನೇ. ನಿನ್ನೇನೇ ಹೇಳಿದ್ದೆ, ವರ್ನ್ ಬಿಟ್ರೆ ನೀನು ಹೋಗು ಅಂತ."

"ನಿನ್ನೆನಾ? ನಾನೇ ಇನ್ನೂ ಯೋಚನೆ ಮಾಡಿರಲಿಲ್ಲ ನಿನ್ನೆ."

"ನೀವು ಮಾಡಿರಲಿಲ್ಲ," ಅಂದ ಪ್ರೆಸ್ಟನ್, ಪ್ರೀತಿಯಿಂದ ಅವನ ತೋಳು ತಟ್ಟುತ್ತ. "ಆದರೆ ಸರಣಿಯ ಕೊನೇ ಪಂದ್ಯ, ತವರು ಮೈದಾನ, ನಿಮಗೆ ಇಷ್ಟವಾದ ಹುಡುಗ. ಇಂಥ ಕಡೆ ನೀವು ಒಂದು ಸಲ ಮೊಂಡು ಬೀಳ್ತೀರಿ ಅಂತ ನಮಗೆ ಅಂದಾಜಿತ್ತು. ಅದನ್ನೂ ಲೆಕ್ಕಕ್ಕೆ ತಗೊಂಡಿದ್ವಿ. ಬೇಜಾರೇನಿಲ್ಲ ವರ್ನ್, ಮನುಷ್ಯರು ಅಂದ್ಮೇಲೆ ಇದೆಲ್ಲ ಇದ್ದದ್ದೇ."

ವರ್ನ್‌ಗೆ ಹೊಡೆಯಬೇಕು ಅನ್ನಿಸಲಿಲ್ಲ. ಅದೇ ಅವನಿಗೆ ಹೆಚ್ಚು ಅಸಹ್ಯವಾದದ್ದು. ಜೀವಮಾನದಲ್ಲಿ ಒಮ್ಮೆ ಎದುರು ನಿಂತಿದ್ದ, ಅದನ್ನೂ ಅವರು ಹವಾಮಾನದ ಹಾಗೆ ಮೊದಲೇ ತಿಳಿದು ಕೊಡೆ ತಂದಿದ್ದರು. ಬಿಳಿ ಗೆರೆ ದಾಟುವಾಗ ಪಟ್ಟ ಸಂತೋಷ ನೆನಪಾಗಿ ಬಾಯಿ ಕಹಿಯಾಯಿತು.

ಮೈಕಿನ ಮುಂದೆ ಕೂತಾಗ ಅವನು ನಿರ್ಧಾರ ಮಾಡಿದ್ದ. ಹೇಳಿಬಿಡುವುದು. ಹುಡುಗನಿಗೆ ಕೊಟ್ಟ ಮಾತಿನಲ್ಲಿ ಉಳಿದದ್ದು ಅಷ್ಟೇ. ಕೆಲಸ ಹೋದರೆ ಹೋಯಿತು.

ಮೊದಲ ಪ್ರಶ್ನೆ ಸ್ಥಳೀಯ ಪತ್ರಿಕೆಯ ಹಳಬನಿಂದಲೇ ಬಂತು. "ವರ್ನ್, ನಲವತ್ತು ವರ್ಷದಿಂದ ಈ ಆಟ ನೋಡ್ತಿದೀನಿ, ಇಂಥ ಕಿಲಾಡಿತನ ನೋಡಿಲ್ಲ. ಮೊದಲು ನೀವೇ ಹೋಗಿ ಟ್ರೂಯಿಟ್‌ನ ಉಳಿಸಿದ ಹಾಗೆ ಮಾಡಿದ್ರಿ. ಪೋರ್ಟ್‌ಲ್ಯಾಂಡಿನವರು ಅವನನ್ನೇ ನಂಬ್ಕೊಂಡು ಕೂತ್ರು. ಆಮೇಲೆ ನಿಯಮ ಮರೆತೋರ ಹಾಗೆ ಬ್ರೆಟ್‌ನ ಕಳಿಸಿ, ಎಡಗೈಯವನನ್ನ ತಂದು ಬ್ರಾನಿಗನ್ ಎದುರಿಗೆ ನಿಲ್ಲಿಸಿದ್ರಿ. ಈ ಐಡಿಯಾ ಯಾವಾಗ ಬಂತು?"

ಕೋಣೆಯಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು.

"ಅದು ನನ್ನ ಐಡಿಯಾ ಅಲ್ಲ," ಅಂದ ವರ್ನ್. "ಬ್ರೆಟ್‌ನ ನಾನು ಕಳಿಸಲಿಲ್ಲ. ಹುಡುಗನ್ನ ಆಡಿಸಬೇಕು ಅಂತಲೇ ಇದ್ದೆ ನಾನು."

ಎಲ್ಲರೂ ಗೊಳ್ಳೆಂದು ನಕ್ಕರು. ಹಳಬ ಕೈಲಿದ್ದ ಪೆನ್ನು ಅವನತ್ತ ಆಡಿಸಿ, "ಬಿಡಿ ಬಿಡಿ, ಮುಂದಿನ ಸರಣಿಗೂ ಈ ಗುಟ್ಟು ಬೇಕಲ್ಲ ನಿಮಗೆ" ಅಂದ. ಹಿಂದಿನ ಗೋಡೆಗೆ ಒರಗಿದ್ದ ಪ್ರೆಸ್ಟನ್ ಅಲ್ಲಿಂದಲೇ ಕೂಗಿ ಹೇಳಿದ. "ಐದು ವರ್ಷದಿಂದ ನೋಡ್ತಿದೀನಿ, ಯಾವುದರ ಹೆಸರೂ ತಾನು ತಗೊಳ್ಳಲ್ಲ ಈ ಮನುಷ್ಯ." ಜನ ಮತ್ತೆ ನಕ್ಕರು, ಒಂದಿಬ್ಬರು ಚಪ್ಪಾಳೆ ತಟ್ಟಿದರು.

ಇನ್ನೊಂದು ಸಲ ಹೇಳಬಹುದಿತ್ತು. ಮೇಜು ಕುಟ್ಟಿ ಹೇಳಬಹುದಿತ್ತು. ತಮಾಷೆ ಅಲ್ಲ, ಬರೆದುಕೊಳ್ಳಿ ಅನ್ನಬಹುದಿತ್ತು. ವರ್ನ್ ಆ ಮುಖಗಳನ್ನು ನೋಡಿದ. ಐದು ವರ್ಷದಿಂದ ಅವನ ಸೋಲಿನ ಮೇಲೆ ಉಪ್ಪು ಸವರಿದವರು ಇವತ್ತು ಅವನನ್ನು ಹೊಗಳಬೇಕೆಂದು ಬಾಯಿಬಿಟ್ಟು ಕಾಯುತ್ತಿದ್ದರು. ಆ ಹೊಗಳಿಕೆಯ ಬಿಸಿ ಮೈಗೆ ಹಿತವಾಗಿತ್ತು, ಅಷ್ಟೇ ವಿಷಯ. ಹಿತವಾಗಿತ್ತು, ಮತ್ತು ಅವನು ನಕ್ಕ. ಎಲ್ಲರ ಜೊತೆ ತಾನೂ ನಕ್ಕು, ತಲೆ ಅಲ್ಲಾಡಿಸಿ, "ಮುಂದಿನ ಪ್ರಶ್ನೆ" ಅಂದ.

ಟ್ರೂಯಿಟ್ ಷಾಂಪೇನಿನ ಗದ್ದಲದಲ್ಲಿ ಇರಲಿಲ್ಲ. ಚಿಕಿತ್ಸೆಯ ಕೋಣೆಯಲ್ಲಿ ತೋಳಿಗೆ ಮಂಜುಗಡ್ಡೆ ಕಟ್ಟಿಕೊಂಡು ಮೇಜಿನ ಮೇಲೆ ಕೂತಿದ್ದ. ಎದುರಿನ ಗೋಡೆಯ ಟೀವಿಯಲ್ಲಿ ಪತ್ರಿಕಾಗೋಷ್ಠಿ ಈಗಷ್ಟೇ ಮುಗಿದಿತ್ತು. ವರ್ನ್ ಬಾಗಿಲು ಹಾಕಿಕೊಂಡು ನಿಂತ, ಅಂಗಿಯಿಂದ ಹನಿ ತೊಟ್ಟಿಕ್ಕುತ್ತಿತ್ತು.

"ನಾನು ಕಳಿಸಲಿಲ್ಲ ಡೇರಿಯಸ್."

"ಹ್ಞೂಂ. ಹೇಳಿದ್ರಿ ಟೀವೀಲಿ. ಆಮೇಲೆ ನಕ್ಕಿರಿ."

"ಅವರು ನಂಬಲಿಲ್ಲ ಕಣಪ್ಪ."

"ನಂಬಲಿಲ್ಲ, ನೋಡ್ದೆ." ಹುಡುಗನ ದನಿಯಲ್ಲಿ ಕೋಪವಿರಲಿಲ್ಲ. ತೋಳಿನ ಮೇಲಿನ ಮಂಜುಗಡ್ಡೆಯ ಚೀಲವನ್ನು ಸ್ವಲ್ಪ ಸರಿಪಡಿಸಿಕೊಂಡ. "ಇಷ್ಟೊತ್ತು ನಿಮ್ಮ ಮೇಲೆ ಹೊಟ್ಟೆ ಉರ್ಕೊಂಡು ಕೂತಿದ್ದೆ. ದಿಬ್ಬದ ಮೇಲೆ ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳ್ದ ಮುದುಕ ಅಂತ. ಅದೇ ವಾಸಿಯಾಗಿತ್ತು ಸ್ಕಿಪ್."

"ವಾಸಿ?"

"ಮಾತು ತಪ್ಪಿದ ಮ್ಯಾನೇಜರ್ ಆದ್ರೆ ಜಗಳ ಆಡಬಹುದು. ಮುಂದಿನ ವರ್ಷ ಬೇರೆ ತಂಡಕ್ಕೆ ಹೋಗಬಹುದು. ಎಲ್ಲೋ ಒಬ್ಬ ಮಾತು ಉಳಿಸ್ಕೊಳ್ಳೋ ಮ್ಯಾನೇಜರ್ ಇರ್ತಾನೆ ಅಂತ ಅಂದ್ಕೋಬಹುದು." ಅವನು ಮೇಜಿನಿಂದ ಇಳಿದು ಚಪ್ಪಲಿ ಹುಡುಕಿಕೊಂಡ. "ನೀವು ಮಾತು ಉಳಿಸ್ಕೊಂಡ್ರಿ. ಉಳಿಸ್ಕೊಂಡ್ರೂ ಏನೂ ಆಗಲಿಲ್ಲ. ಹಾಗಾದ್ರೆ ಇನ್ನು ಯಾರ ಕೈಗೆ ಚೆಂಡು ಕೊಟ್ರೂ ಒಂದೇ ಅಲ್ವಾ? ನಾಳೆಯಿಂದ ಬ್ರೆಟ್‌ಗೇ ಕೊಟ್ಟುಬಿಡ್ತೀನಿ. ನೀವು ಅಷ್ಟು ದೂರ ನಡಿಯೋದು ಯಾಕೆ, ಮಂಡಿ ಬೇರೆ ನೋಯುತ್ತೆ ನಿಮಗೆ."

ವ್ಯಂಗ್ಯ ಮಾಡಿದ್ದರೆ ತಡೆದುಕೊಳ್ಳಬಹುದಿತ್ತು. ಹುಡುಗ ನಿಜವಾಗಿಯೂ ಅವನ ಮಂಡಿಯ ಬಗ್ಗೆ ಯೋಚಿಸಿಯೇ ಅಂದಿದ್ದ. ಹೋಗುವಾಗ ಬಾಗಿಲು ಸದ್ದಾಗದ ಹಾಗೆ ಎಳೆದುಕೊಂಡು ಹೋದ, ರೋಗಿಯ ಕೋಣೆಯಿಂದ ಹೋಗುವವರ ಹಾಗೆ.

ವರ್ನ್ ಬಟ್ಟೆ ಬದಲಿಸಲೂ ಇಲ್ಲ. ಆ ಅಂಟಂಟು ವೇಷದಲ್ಲೇ ಕಾರಿನ ಬೀಗದ ಕೈ ತೆಗೆದುಕೊಂಡು ಹೊರಟ. ಇನ್ನೂ ಬಿಸಿಲಿತ್ತು. ಆಟಗಾರರ ಕಾರುಗಳು ನಿಲ್ಲುವ ಕಡೆ ಬೇಲಿಯಾಚೆ ಜನ ಕಿಕ್ಕಿರಿದಿದ್ದರು. ಅವನನ್ನು ಕಂಡದ್ದೇ ತಡ, "ವರ್ನ್, ವರ್ನ್" ಎಂದು ಬೇಲಿ ಅಲ್ಲಾಡಿಸತೊಡಗಿದರು. ಮಧ್ಯಾಹ್ನ ಮುದುಕಾ ಎಂದು ಕೂಗಿದ್ದವನೂ ಅವರಲ್ಲಿ ಇದ್ದಿರಬೇಕು. ಒಬ್ಬ ಹೆಂಗಸು ಮಗುವನ್ನು ಹೆಗಲ ಮೇಲೆ ಎತ್ತಿ ತೋರಿಸಿ, "ನೋಡು, ಪೋರ್ಟ್‌ಲ್ಯಾಂಡಿನವರ ಕಿವಿಗೆ ಹೂ ಇಟ್ಟ ತಾತ" ಅಂದಳು.

ಟ್ರೂಯಿಟ್‌ನ ಹಳೆಯ ಟ್ರಕ್ಕು ಅದೇ ಹೊತ್ತಿಗೆ ಪಕ್ಕದಲ್ಲಿ ಹಾದು ಗೇಟಿನ ಕಡೆ ತಿರುಗಿತು. ಗಾಜು ಇಳಿಸಿತ್ತು. ಹುಡುಗ ಇತ್ತ ನೋಡಿದ.

ಇದು ನನ್ನದಲ್ಲ ಎಂದು ಆ ಜನಕ್ಕೆ ಕೂಗಿ ಹೇಳಬೇಕೆಂದು ವರ್ನ್ ಕೈ ಎತ್ತಿದ. ಎತ್ತಿದ ಕೈ ನಲವತ್ತು ವರ್ಷದ ಅಭ್ಯಾಸದಂತೆ ಸೀದಾ ತಲೆಗೆ ಹೋಯಿತು. ಟೋಪಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಒಂದಿಷ್ಟು ಮೇಲೆತ್ತಿ, ಚಪ್ಪಾಳೆಗೆ ತಲೆ ಬಾಗಿಸಿದ. ಟ್ರಕ್ಕಿನ ಗಾಜು ಮೇಲೇರಿತು.